ಮಂಡಿ ಮಡಚಲು ಆಗಲ್ಲ. ಕುರ್ಚಿ ಮೇಲೆ ಕೂತು ಯೋಗ ಮಾಡಿದರೆ ನಡೆಯುತ್ತಾ?

ದಾವಣಗೆರೆ_ಅಕ್ಕ:
ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ, ದಿನವಿಡೀ ಕೂತೇ ಇರುತ್ತೇನೆ. ಬಿಪಿಗೆ ಮಾತ್ರೆ ನಡೀತಿದೆ. ಬಲ ಮಂಡಿ ಸವೆದಿದೆ ಅಂತ ಡಾಕ್ಟರು ಹೇಳಿದ್ದಾರೆ. ಅಮ್ಮ ಹೋದ ಮೇಲೆ ನಿದ್ದೆಯೂ ಕೆಟ್ಟಿದೆ. ಬೆಳಗಿನ ಜಾವ ಎಚ್ಚರವಾಗಿ ಎದೆ ಡವಡವ ಅನ್ನುತ್ತದೆ.

ಪಕ್ಕದ ಮನೆಯವರು ಪಾರ್ಕಿನ ಯೋಗ ಕ್ಲಾಸಿಗೆ ಕರೆದುಕೊಂಡು ಹೋದರು. ಅಲ್ಲಿ ಎಲ್ಲರನ್ನೂ ವಜ್ರಾಸನದಲ್ಲಿ, ಅಂದರೆ ಮಂಡಿ ಮಡಚಿ ಹಿಮ್ಮಡಿ ಮೇಲೆ ಕೂರಿಸಿ, ಜೋರಾಗಿ ಕಪಾಲಭಾತಿ ಮಾಡಿಸುತ್ತಾರೆ. ಹೊಟ್ಟೆ ಒಳಗೆಳೆದು ರಭಸವಾಗಿ ಉಸಿರು ಬಿಡುತ್ತಾ ಹೋಗುವುದು ಅದು. ಕುರ್ಚಿ ಕೇಳಿದೆ. ‘ನೆಲಕ್ಕೆ ಕೂತರೇನೇ ಫಲ’ ಅಂದರು. ಇನ್ನೊಬ್ಬರು, ಆಸನವೆಲ್ಲ ಬರೀ ಕಸರತ್ತು, ಧ್ಯಾನವೇ ನಿಜವಾದ ಯೋಗ ಅಂತಾರೆ. ನಾನು ಸಂಜೆ ದೇವರಿಗೆ ದೀಪ ಹಚ್ಚುತ್ತೇನೆ, ಅದು ಬಿಟ್ಟರೆ ಧ್ಯಾನ ಗೀನ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮಂಡಕ್ಕಿ_ಪ್ರಿಯ:
ಅಕ್ಕಾ, ಸುಮ್ನೆ ಕುರ್ಚಿ ಎಳೆದುಕೊಂಡು ಕೂತುಬಿಡಿ. ನಮ್ಮಪ್ಪ ಜೂನ್ 21ರ ಯೋಗ ದಿನಕ್ಕೆ ಮಾತ್ರ ಚಾಪೆ ಬಿಚ್ಚುತ್ತಾರೆ. ಅವರಿಗಿಂತ ನೀವೇ ವಾಸಿ.

ಹೊಳಲ್ಕೆರೆ_ಪಿಟಿ_ಮೇಷ್ಟ್ರು:
ತಾಯೀ, ಮೊದಲು ಆ ಜೋರು ಕಪಾಲಭಾತಿ ಬಿಡಿ. ಬಿಪಿ ಇರುವವರಿಗೆ ಅದು ಸಲ್ಲದು. ಉಸಿರು ಕಟ್ಟಿ ಹಿಡಿಯುವುದು, ತಲೆಕೆಳಗಾಗಿ ನಿಲ್ಲುವುದೂ ಬೇಡ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಎದೆ ಡವಡವ ಅನ್ನುವ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಇಲ್ಲದಿದ್ದರೆ ಈ ವಾರವೇ ಹೇಳಿ. ಅದು ಬರೀ ದುಃಖಕ್ಕೆ ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ.

ಇನ್ನು ಕುರ್ಚಿ. ಹೆಸರಾಂತ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ, ಟೈಫಾಯ್ಡ್ ಎಲ್ಲ ಕಂಡವರು. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ತಮ್ಮ ಭಾವ ಕೃಷ್ಣಮಾಚಾರ್ಯರ ಹತ್ತಿರ ಕಲಿತು, 1937ರಲ್ಲಿ ಪುಣೆಗೆ ಹೋದರು. ಆಮೇಲೆ ಕುರ್ಚಿ, ಹಗ್ಗ, ಬೆಲ್ಟು, ಮರದ ತುಂಡು ಎಲ್ಲವನ್ನೂ ಆಸನಕ್ಕೆ ತಂದರು, ಮೈ ಬಗ್ಗದವರೂ ಮಾಡಲಿ ಅಂತ. ಅಂಥವರಿಗೇ ಕುರ್ಚಿ ಆಗಿಬಂತು, ನಿಮ್ಮ ಪಾರ್ಕಿಗೆ ಆಗಿಬರುವುದಿಲ್ಲವೇ? ಯೋಗಸೂತ್ರ ಬರೆದ ಪತಂಜಲಿ ಆಸನಕ್ಕೆ ಕೊಟ್ಟಿರುವುದೇ ಮೂರು ಸೂತ್ರ. ಅಲುಗದೆ, ಆರಾಮಾಗಿ ಕೂತಿರಬೇಕು ಅಂತ ಅಲ್ಲಿದೆ. ಮಂಡಿ ಕಿತ್ತುಬರುವಾಗ ಆರಾಮ ಎಲ್ಲಿಂದ ಬರಬೇಕು?

ಹೀಗೆ ಮಾಡಿ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ, ಎರಡೂ ಪಾದ ನೆಲಕ್ಕೆ. ಬಲಗಾಲು ಮುಂದಕ್ಕೆ ನೀಡಿ, ತೊಡೆ ಬಿಗಿಮಾಡಿ, ಐದು ಎಣಿಸಿ ಇಳಿಸಿ. ಆಮೇಲೆ ಎಡಗಾಲು. ತೊಡೆಗೆ ಬಲ ಬಂದರೆ ಮಂಡಿ ಮೇಲಿನ ಭಾರ ಕಮ್ಮಿಯಾಗುತ್ತದೆ. ನೋವು ಜಾಸ್ತಿ ಆದರೆ ಅಲ್ಲಿಗೇ ಬಿಡಿ. ಆಮೇಲೆ ಗೋಡೆಗೆ ಒರಗಿ ನೆಟ್ಟಗೆ ನಿಲ್ಲುವ ತಾಡಾಸನ, ಹಿಮ್ಮಡಿ ಎತ್ತುವುದೇನೂ ಬೇಡ.

ಕೊನೆಗೆ ಉಸಿರು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ನಡುವೆ ಹಿಡಿಯಬೇಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ಸ್ವಲ್ಪ ನಿಧಾನವಾಗುತ್ತದೆ. ಬಿಡುವ ಹೊತ್ತು ಉದ್ದ ಮಾಡುವುದು ಅದಕ್ಕೇ. ದುಂಬಿಯ ಹಾಗೆ ಗುಂಯ್‌ಗುಡುತ್ತಾ ಉಸಿರು ಬಿಡುವ ಭ್ರಾಮರಿಯೂ ಇದೇ ಲೆಕ್ಕ. ಗುಂಯ್ ಅನ್ನಬೇಕಾದರೆ ಉಸಿರು ನಿಧಾನವಾಗಿಯೇ ಹೋಗಬೇಕಲ್ವಾ? ರಾತ್ರಿ ಮಂಚದ ಮೇಲೇ ಶವಾಸನ ಮಾಡಿ, ಅಂದರೆ ಮೈ ಸಡಿಲ ಬಿಟ್ಟು ಅಂಗಾತ ಮಲಗಿ, ಮಂಡಿ ಕೆಳಗೆ ದಿಂಬು ಇಟ್ಟುಕೊಳ್ಳಿ.

ಧ್ಯಾನಕ್ಕೆ ಬೇರೆ ಜಾಗ ಹುಡುಕಬೇಡಿ. ದೀಪ ಹಚ್ಚಿದ ಮೇಲೆ ತಕ್ಷಣ ಒಲೆ ಕಡೆ ಓಡದೆ ಅಲ್ಲೇ ಕೂತು ಉಸಿರು ಎಣಿಸಿ. ಅಮ್ಮನ ನೆನಪು ಬಂದರೆ ಬರಲಿ. ಅಳು ಬಂದರೂ ಬರಲಿ. ಅದನ್ನು ತಡೆಯುವುದು ಯೋಗದ ಕೆಲಸ ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಕಲಿತದ್ದು ಮಲ್ಲಾಡಿಹಳ್ಳಿಯ ಶಿಬಿರದಲ್ಲಿ. ಅಲ್ಲಿನ ರಾಘವೇಂದ್ರ ಸ್ವಾಮೀಜಿ ಊರೂರಿಗೆ ಹೋಗಿ ಯೋಗ ಹೇಳಿಕೊಟ್ಟವರು. ಹೊಲದಲ್ಲಿ ದುಡಿಯುವವರಿಗೂ ಒಗ್ಗುವ ಹಾಗೆ ಕಲಿಸಿದ್ದಾರೆ.

ಗೋಕುಲಂ_ಹುಡುಗಿ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ‘ಆಸನ ಬರೀ ಕಸರತ್ತು’ ಅನ್ನುವವರ ಮಾತು ನಾನು ಒಪ್ಪಲ್ಲ. ಮೈಸೂರಿನ ಯೋಗಗುರು ಪಟ್ಟಾಭಿ ಜೋಯಿಸರು ಕಲಿತದ್ದೂ ಅದೇ ಕೃಷ್ಣಮಾಚಾರ್ಯರ ಹತ್ತಿರ. ಅವರ ಪದ್ಧತಿಯಲ್ಲಿ ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲೇ ಹೋಗಬೇಕು, ಬೆವರು ಕಿತ್ತುಕೊಂಡು ಬರುತ್ತದೆ. ನನ್ನ ತಲೆಯೊಳಗಿನ ಗಲಾಟೆ ನಿಲ್ಲುವುದು ಆಗಲೇ. ಸುಮ್ಮನೆ ಕೂರು ಅಂದರೆ ನನಗೆ ಆಫೀಸಿನ ಜಗಳವೇ ನೆನಪಾಗುತ್ತದೆ! ಅಕ್ಕನಿಗೆ ಅದು ಬೇಡ ಬಿಡಿ, ಮಂಡಿ ಹೋದೀತು.

ದಾವಣಗೆರೆ_ಅಕ್ಕ:
ಎಲ್ಲರಿಗೂ ಧನ್ಯವಾದ. ಡಾಕ್ಟರ ಹತ್ತಿರ ಹೋಗಿದ್ದೆ. ಇಸಿಜಿ ಮಾಡಿದರು, ಗಾಬರಿ ಪಡುವಂಥದ್ದು ಏನಿಲ್ಲವಂತೆ. ಮೇಷ್ಟ್ರೇ, ಮನೆಯಲ್ಲಿರುವುದು ಕೈ ಇರುವ ಪ್ಲಾಸ್ಟಿಕ್ ಕುರ್ಚಿ. ಆಗುತ್ತಾ? ಪಾರ್ಕಿಗೆ ಹೋಗುವುದು ಬಿಡಲಾ?

ಹೊಳಲ್ಕೆರೆ_ಪಿಟಿ_ಮೇಷ್ಟ್ರು:
ಪ್ಲಾಸ್ಟಿಕ್ಕು ಟೈಲ್ಸ್ ಮೇಲೆ ಜಾರುತ್ತದೆ. ಮರದ್ದು ಇದ್ದರೆ ಗೋಡೆಗೆ ತಾಗಿಸಿ ಹಾಕಿಕೊಳ್ಳಿ, ಕೈ ಇದ್ದರೂ ಪರವಾಗಿಲ್ಲ. ಪಾರ್ಕು ಯಾಕೆ ಬಿಡಬೇಕು? ನಾಲ್ಕು ಜನರ ಜೊತೆ ಮಾತು ಆಗುತ್ತದೆ, ಅದೂ ಬೇಕು. ಕಪಾಲಭಾತಿ ಶುರುವಾದಾಗ ಎದ್ದು ಒಂದು ಸುತ್ತು ನಡೆದು ಬನ್ನಿ.