ಅಪ್‌ಡೇಟ್: ರಾಯಚೂರು ಬಿಸಿಲು, ಸೊರಗಿದ ಲಿಕ್ವಿಡ್ ಯೀಸ್ಟ್

ಕೊರಿಯರ್‌ನಲ್ಲಿ ಬೆಚ್ಚಗಾಗಿ ಬಂದ ಏಲ್ (ಒಂದು ಬಗೆಯ ಬಿಯರ್) ಯೀಸ್ಟನ್ನ ಮನ್ಯಾಗ ಮಾಡೋ ಬಿಯರ್‌ಗೆ ನೇರ ಹಾಕಬಹುದಾ ಅಂತ ಇಲ್ಲಿ ಕೇಳಿದ್ದೆ. ಮೊದಲು ಸ್ಟಾರ್ಟರ್ (ಸ್ವಲ್ಪ ಮಾಲ್ಟ್ ನೀರಿನ್ಯಾಗ ಯೀಸ್ಟ್ ಬೆಳೆಸೋದು) ಮಾಡ್ರಿ ಅಂದ್ರಿ, ಕೆಲಸ ಆಯ್ತು.

1 ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ (ಮೊಳಕೆ ಬಾರ್ಲಿಯ ಸಾರ ಒಣಗಿಸಿದ್ದು), ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.037ರ ಆಸುಪಾಸು. ಇದಕ್ಕಿಂತ ಗಟ್ಟಿಯಾದ್ರ ಸೊರಗಿದ ಯೀಸ್ಟಿಗೆ ಭಾರ. 10 ನಿಮಿಷ ಕುದಿಸ್ರಿ, ಪಾತ್ರೆ ದೊಡ್ಡದಿರಲಿ, ಹಾಲಿನಂಗ ಉಕ್ತದ.

ತಣಿಸೋದೇ ಇಲ್ಲಿ ತಲೆನೋವು. ಮೇ ತಿಂಗಳಾಗ ಟ್ಯಾಂಕಿನ ನೀರೇ ಸುಡ್ತದಲ್ರೀ! ಐಸ್ ಹಾಕಿದ ಟಬ್ಬಿನ್ಯಾಗ ಇಟ್ಟು 22 ಡಿಗ್ರಿಗೆ ಇಳಿದ ಮ್ಯಾಲೇ ಯೀಸ್ಟ್. ಬಾಯಿಗೆ ಫಾಯಿಲ್ ಸಡಿಲಾಗಿ ಮುಚ್ಚಬೇಕು. ಏರ್‌ಲಾಕ್ (ಹೊರಗಿನ ಗಾಳಿ ಒಳಗ ಬಿಡದ ಮುಚ್ಚಳ) ಬ್ಯಾಡ, ಗಾಳಿ ಆಡಿದ್ರ ಜೀವಕೋಶ ಚಲೋ ಹೆಚ್ಚತಾವ. ಸ್ಟರ್ ಪ್ಲೇಟ್ (ತಾನೇ ಕಲಕೋ ಯಂತ್ರ) ಇಲ್ಲದಿದ್ರ ಆಗಾಗ ಕುಲುಕಿದ್ರೂ ನಡೀತದ.

24ರಿಂದ 36 ತಾಸಿನ್ಯಾಗ ನೊರೆ ಕಾಣಲಿಲ್ಲಂತ ಚೆಲ್ಲಬ್ಯಾಡ್ರಿ. ತಳದ ಕೆನೆಬಣ್ಣದ ಪದರ ದಪ್ಪಾಗಿದ್ರ ಬೆಳೆದದ ಅಂತಲೇ. ವಿನೆಗರ್ ವಾಸನೆ ಬಂದ್ರ ಮಾತ್ರ ಮೋರಿಗೆ. ಆಮ್ಯಾಲೆ ಒಂದು ರಾತ್ರಿ ಫ್ರಿಜ್, ಮೇಲಿನ ನೀರು ಬಸಿದು ತಳದ್ದಷ್ಟೇ ಬಿಯರ್‌ಗೆ ಹಾಕ್ರಿ.