ಹೆಪಟೈಟಿಸ್ ಬಿ ಪಾಸಿಟಿವ್: ಮಾತ್ರೆನಾ, ನೆಲನೆಲ್ಲಿನಾ? ಅನುಭವ ಇರೋರು ಹೇಳಿ

ತಿಪಟೂರು ಹುಡುಗ: ತಮ್ಮನಿಗೆ ಹರ್ನಿಯಾ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡ್ಸಿದಾಗ ಹೆಪಟೈಟಿಸ್ ಬಿ (ಲಿವರ್‌ಗೆ ಬರೋ ವೈರಸ್ ಸೋಂಕು) ಪಾಸಿಟಿವ್ ಬಂತು. ವಯಸ್ಸು 34, ಕುಡಿಯಲ್ಲ. ಎಎಲ್‌ಟಿ (ಲಿವರ್‌ಗೆ ಪೆಟ್ಟಾದ್ರೆ ರಕ್ತದಲ್ಲಿ ಏರೋ ಅಂಶ), ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಎರಡೂ ಜಾಸ್ತಿ ಇದೆ, ಡಾಕ್ಟ್ರು ಟೆನೊಫೊವಿರ್ ಅನ್ನೋ ವೈರಸ್ ತಡೆಯೋ ಮಾತ್ರೆ ಶುರು ಮಾಡಿ, ವರ್ಷಗಟ್ಲೆ ತಗೋಬೇಕು ಅಂದ್ರು. ಮನೇಲಿ ಮೊದ್ಲು ನೆಲನೆಲ್ಲಿ ಕೊಡ್ಸೋಣ ಅಂತಿದಾರೆ. ಏನ್ ಮಾಡ್ಲಿ?

ಶೈಲಾ ದಾವಣಗೆರೆ: ನಮ್ಮೆಜಮಾನ್ರಿಗೆ 2016ರಿಂದ ಇದೆ. ಆಗ ಮಾತ್ರೆಗೆ ತಿಂಗಳಿಗೆ ಒಂದೂವರೆ ಸಾವಿರ, ವೈರಸ್ ಎಷ್ಟಿದೆ ಅಂತ ನೋಡೋ ಪಿಸಿಆರ್ ಪರೀಕ್ಷೆಗೆ ಪ್ರತಿ ಸಲ ಐದು ಸಾವಿರ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಫೈಬ್ರೋಸ್ಕ್ಯಾನ್‌ಗೆ ಮೂರೂವರೆ ಸಾವಿರ, ಆರು ತಿಂಗಳಿಗೊಂದು ಅಲ್ಟ್ರಾಸೌಂಡ್ ಬೇರೆ, ನನ್ನೆರಡು ಬಳೆ ಅದಕ್ಕೇ ಹೋದ್ವು. ಕೊನೆಗೆ ವೈರಸ್ ಕಾಣ್ತಿಲ್ಲ ಅಂತ ರಿಪೋರ್ಟ್ ಬಂತು, ಇವರಣ್ಣ ವಾಸಿ ಆಯ್ತಲ್ಲ ಇನ್ಯಾಕೆ ಅಂತ ಮಾತ್ರೆ ಬಿಡಿಸಿದ್ರು. ನಾಲ್ಕೇ ತಿಂಗಳು, ಕಣ್ಣೆಲ್ಲ ಹಳದಿ, ಎಎಲ್‌ಟಿ 1,100, ಐಸಿಯುಗೆ ಎರಡೂಕಾಲು ಲಕ್ಷ. ಮಾತ್ರೆ ವೈರಸ್ ಬೆಳೆಯೋದನ್ನ ತಡೆಯುತ್ತೆ ಅಷ್ಟೆ, ಲಿವರ್ ಜೀವಕೋಶದ ಒಳಗೆ ಅದರ ಡಿಎನ್‌ಎ ಕೂತೇ ಇರುತ್ತೆ. ಆ ಅಣ್ಣ ಒಂದು ರೂಪಾಯಿನೂ ಕೊಡ್ಲಿಲ್ಲ.

ಗಿರಿ ತೀರ್ಥಹಳ್ಳಿ: ನೆಲನೆಲ್ಲಿ ಬಗ್ಗೆ ತಾತ್ಸಾರ ಬೇಡ. ನನಗೆ ಕಾಮಾಲೆ ಆದಾಗ ಅಜ್ಜಿ ಬೇರು ಸಮೇತ ಅರೆದು ಮಜ್ಜಿಗೇಲಿ ಕೊಟ್ರು, ಮೂರು ವಾರಕ್ಕೆ ತೋಟಕ್ಕೆ ಹೋದೆ. 1988ರಲ್ಲಿ ಮದ್ರಾಸಲ್ಲಿ ಪ್ರಯೋಗ ಆಗಿ ಲ್ಯಾನ್ಸೆಟ್ ಅನ್ನೋ ದೊಡ್ಡ ವೈದ್ಯಕೀಯ ಪತ್ರಿಕೇಲೇ ಬಂದಿದೆ, 37 ಜನರಲ್ಲಿ 22 ಜನಕ್ಕೆ ನೆಗೆಟಿವ್ ಆಯ್ತು. ಈ ವೈರಸ್ ಕಂಡುಹಿಡಿದು ನೊಬೆಲ್ ತಗೊಂಡ ಬ್ಲಂಬರ್ಗ್ ಕೂಡ ಅದರಲ್ಲಿದ್ರು.

ಲ್ಯಾಬ್ ರಮೇಶ: ಅದಾದ್ಮೇಲೆ ಥಾಯ್ಲೆಂಡಲ್ಲಿ ಮಾಡಿ ನೋಡಿದ್ರು, ಆ ಫಲಿತಾಂಶ ಬರ್ಲೇ ಇಲ್ಲ, ಅದನ್ನ್ಯಾಕೆ ಬಿಟ್ರಿ? ನಿಮಗೆ ಬಂದಿದ್ದು ನೀರಿಂದ ಬರೋ ಹೆಪಟೈಟಿಸ್ ಎ ಅಥವಾ ಇ ಇರಬೇಕು, ಹೆಚ್ಚಿನವರಿಗೆ ಏನೂ ಕುಡೀದಿದ್ರೂ ತಾನಾಗೇ ಹೋಗುತ್ತೆ.

ಗಿರಿ ತೀರ್ಥಹಳ್ಳಿ: ರಿಪೋರ್ಟೇ ನೋಡದೆ ನನ್ನ ಕಾಯಿಲೆ ಯಾವ್ದು ಅಂತ ಹೇಳೋಕೆ ನೀವ್ಯಾರು ಸ್ವಾಮಿ? ನಮ್ಮಜ್ಜಿ ಯಾರ ಹತ್ರಾನೂ ದುಡ್ಡು ತಗೊಂಡಿಲ್ಲ, ನಿಮ್ಮ ಲ್ಯಾಬ್ ಬಿಟ್ಟಿ ಮಾಡುತ್ತಾ?

ಲ್ಯಾಬ್ ರಮೇಶ: ನಾನು ಸರ್ಕಾರಿ ಆಸ್ಪತ್ರೇಲಿರೋದು. 2018ರ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಬಂದ್ಮೇಲೆ ಹೆಪಟೈಟಿಸ್ ಬಿ, ಸಿ ಎರಡಕ್ಕೂ ಮಾತ್ರೆ ಬಿಟ್ಟಿನೇ ಕೊಡ್ತೀವಿ.

ಶೈಲಾ ದಾವಣಗೆರೆ: ಬಿಟ್ಟಿ ಹೌದು, ಸ್ಟಾಕ್ ಇದ್ರೆ. ಎರಡು ಸಲ ಬರಿಗೈಲಿ ಕಳಿಸಿದ್ರು, ಒಂದಿನಾನೂ ತಪ್ಪಬಾರದ ಮಾತ್ರೆ ಅದು. ನಿಮಗೇನು ಗೊತ್ತು ಆ ಹೆದರಿಕೆ.

ಮಂಜುಳಾ ಹಾಸನ: ನಾನು ನಮ್ಮಣ್ಣನಿಗೆ ಲಿವರ್ ಕೊಟ್ಟವಳು. ಅವನೂ ಮೊದಲು ನಾಟಿ ಔಷಧಿ ಅಂತಲೇ ಎರಡು ವರ್ಷ ಅಲೆದ, ಹೊಟ್ಟೇಲಿ ನೀರು ತುಂಬಿ ರಕ್ತವಾಂತಿ ಆದ್ಮೇಲೆ ಆಸ್ಪತ್ರೆಗೆ ಬಂದಿದ್ದು. ನನ್ನ ಲಿವರಿನ ಬಲಭಾಗ ತೆಗೆದು ಅವನಿಗೆ ಹಾಕಿದ್ರು, ಒಟ್ಟು 26 ಲಕ್ಷ, ಹೊಲ ಮಾರಿದ್ವಿ. ನನ್ನ ಲಿವರ್ ಮತ್ತೆ ಬೆಳೀತು, ಈಗ ಗದ್ದೆ ಕೆಲಸ ಎಲ್ಲಾ ಮಾಡ್ತೀನಿ. ಹೊಲಕ್ಕಿಂತ ಅಣ್ಣ ದೊಡ್ಡವನು. ಆದ್ರೆ ಅತ್ತಿಗೆ ಇವತ್ತಿಗೂ ಅವನ ತಟ್ಟೆ ಲೋಟ ಬೇರೆ ಇಡ್ತಾಳೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಪ್ರಭಾ ತುಮಕೂರು: ಮಕ್ಕಳಿರೋ ಮನೇಲಿ ಬೇರೆ ಇಟ್ರೆ ತಪ್ಪೇನ್ರೀ?

ಮಂಜುಳಾ ಹಾಸನ: ತಪ್ಪೇ. ಊಟದಿಂದ ಬರಲ್ಲ ಇದು. ರಕ್ತ, ಸೂಜಿ, ಶೇವಿಂಗ್ ಬ್ಲೇಡು, ಗಂಡ ಹೆಂಡ್ತಿ ಸಂಬಂಧ, ಹೆರಿಗೇಲಿ ತಾಯಿಂದ ಮಗೂಗೆ. ಅಷ್ಟು ಭಯ ಇದ್ರೆ ಮನೆಯವ್ರೆಲ್ಲ ಟೆಸ್ಟ್ ಮಾಡ್ಸಿ, ಸೋಂಕು ಇಲ್ದಿದ್ದೋರು ಮೂರು ಡೋಸ್ ಲಸಿಕೆ ಹಾಕಿಸ್ಕೊಳ್ಲಿ. ತಟ್ಟೆ ಮುಟ್ಬೇಡಿ.

ಪ್ರಭಾ ತುಮಕೂರು: ನಿಮ್ಮತ್ತಿಗೆ ಮೇಲಿನ ಸಿಟ್ಟು ನನ್ಮೇಲ್ಯಾಕೆ ತೀರಿಸ್ಕೋತೀರಾ ಅಕ್ಕಾ.