ಸಿಟ್ರಸ್ ಕೊಲೋನ್ ಚೆರ್ಕಳ ಮುಟ್ಟುವಾಗ ಮಾಯ ಆಗ್ತದೆ, ಎಂತ ಮಾಡುದು?

ಬದಿಯಡ್ಕ ಬಸ್ಸು:
ಭಾವ ದುಬೈಯಿಂದ ಬರುವಾಗ ಒಂದು ಕೊಲೋನ್ ಸೆಂಟ್ ತಂದುಕೊಟ್ಟಿದ್ದಾರೆ, ಬಾಟ್ಲಿ ಮೇಲೆ ಬರ್ಗಮಾಟ್ (ಅದೊಂದು ನಿಂಬೆ ಜಾತಿಯ ಹಣ್ಣಂತೆ), ಲೆಮನ್, ನೆರೋಲಿ ಅಂತೆಲ್ಲ ಬರ್ದುಂಟು. ಹಾಕಿದ ಕೂಡ್ಲೆ ಎಂತ ಗಮ್ಮತ್ತು ಮಾರಾಯ್ರೆ, ಕಿತ್ಳೆ ಸಿಪ್ಪೆಯನ್ನು ಮೂಗಿನ ಹತ್ರ ಹಿಡಿದು ಮಡಚಿದ ಹಾಗೆ, ಸ್ವಲ್ಪ ಕಹಿ ಕಹಿ, ಆಗಷ್ಟೇ ಮಿಂದು ಬಂದವನಿಗೆ ಇನ್ನೊಂದು ಸಲ ಮಿಂದ ಹಾಗೆ ಆಗ್ತದೆ. ಆದ್ರೆ ಎಂಟು ಗಂಟೆ ಬಸ್ಸಿಗೆ ಹತ್ತಿ ಚೆರ್ಕಳ ಮುಟ್ಟುವಾಗ ಅರ್ಧ ಹೋಗಿರ್ತದೆ, ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಲ್ಲಿ ಇಳಿಯುವಾಗ ಬರೀ ಬೆವರು ಮತ್ತು ಹೈವೇ ಧೂಳು. ನಮ್ಮ ಆಫೀಸಲ್ಲಿ ಒಬ್ರು ಊದಿನ (ಅಗರು ಮರದ) ಅತ್ತರು ಹಾಕಿ ಬರ್ತಾರೆ, ಅವರು ರಜೆ ಹಾಕಿದ ದಿನವೂ ಅವರ ಕುರ್ಚಿ ಪರಿಮಳ ಬರ್ತದೆ!! ನನ್ನದು ಡೂಪ್ಲಿಕೇಟಾ? ಮೊನ್ನೆ ಸಿಟ್ಟಲ್ಲಿ ಹನ್ನೆರಡು ಸಲ ಹೊಡೆದೆ, ಅಮ್ಮ ಅಡಿಗೆ ಕೋಣೆಯಿಂದ "ಇಷ್ಟು ಬೆಳಿಗ್ಗೆ ನೆಲ ಒರೆಸಿದ್ದು ಯಾರು" ಅಂತ ಕೇಳಿದ್ರು. ಭಾವನ ಹತ್ರ ಕೇಳ್ಲಿಕ್ಕೆ ದಾಕ್ಷಿಣ್ಯ, ಹಾಗೆ ಇಲ್ಲಿ ಕೇಳುದು.

ಉಪ್ಪಳದ ಮೂಗು:
ಡೂಪ್ಲಿಕೇಟ್ ಅಂತ ಹೇಳ್ಲಿಕ್ಕೆ ಇಷ್ಟು ಸಾಲದು, ಈ ಜಾತಿಯೇ ಹಾಗೆ. ಚಿಕ್ಕದಿರುವಾಗ ಕಿತ್ಳೆ ಸಿಪ್ಪೆಯನ್ನು ಚಿಮಿಣಿ ದೀಪದ ಹತ್ರ ಹಿಂಡಿದ್ರೆ ಚಟಚಟ ಕಿಡಿ ಹಾರ್ತಿತ್ತಲ್ಲ, ನೆನಪುಂಟಾ? ಸಿಪ್ಪೆಯ ಆ ಚುಕ್ಕಿಚುಕ್ಕಿಯೊಳಗೆ ಇರುವ ಎಣ್ಣೆಯೇ ಇಲ್ಲಿ ಬಾಟ್ಲಿಗೆ ಬಂದದ್ದು, ಹುಳಿ ರಸಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದರಲ್ಲಿ ಜಾಸ್ತಿ ಇರುದು ಲಿಮೋನೀನ್, ತುಂಬ ಹಗುರ, ಮೈ ಬಿಸಿ ತಾಗಿದ ಕೂಡ್ಲೆ ಹಾರ್ತದೆ. ಮೂಗಿಗೆ ಅಷ್ಟು ಬೇಗ ಬಡಿಯುದೂ ಅದಕ್ಕೇ, ಅಷ್ಟು ಬೇಗ ಮುಗಿಯುದೂ ಅದಕ್ಕೇ, ಒಂದು ಬೇಕು ಇನ್ನೊಂದು ಬೇಡ ಅಂದ್ರೆ ಆಗುದಿಲ್ಲ. ಮತ್ತೆ ಕೊಲೋನಲ್ಲಿ ಪರಿಮಳದ ಎಣ್ಣೆ ಇರುದೇ ನೂರಕ್ಕೆ 2ರಿಂದ 5 ಭಾಗ, ಉಳಿದದ್ದು ಆಲ್ಕೋಹಾಲ್ ಮತ್ತು ನೀರು. ಓ ದ ಪರ್ಫ್ಯೂಮ್ ಅಂತ ಬರ್ದದ್ದರಲ್ಲಿ 15-20 ಇರ್ತದೆ, ಆದ್ರೆ ಅದರಲ್ಲೂ ಮೊದಲು ಹೋಗುದು ನಿಂಬೆ ಕಿತ್ಳೆಯೇ, ಸಂಜೆಗೆ ಉಳಿಯುದು ಭಾರದ ವಾಸನೆಗಳು, ಮರದ್ದು, ಕಸ್ತೂರಿಯದ್ದು.

ನಾನು ಮಾಡುದು ಹೇಳ್ತೇನೆ. ಎದೆಗೆ ಲಾವಂಚದ ಅತ್ತರು ಒಂದೇ ಒಂದು ಚುಕ್ಕಿ, ಅದರ ಮೇಲೆ ಕೊಲೋನ್. ಲಾವಂಚ ಭಾರದ ವಾಸನೆ, ಬೇಗ ಏಳುದಿಲ್ಲ, ನಿಂಬೆ ಹೋದ ಮೇಲೂ ಮಳೆ ಬಿದ್ದ ಮಣ್ಣಿನ ಹಾಗೆ ತಣ್ಣಗೆ ಕೂತಿರ್ತದೆ. ಊದಿನವರ ಜೊತೆ ಮಾತ್ರ ಪೈಪೋಟಿಗೆ ಹೋಗ್ಬೇಡಿ, ಸೆಖೆಗಾಲದಲ್ಲಿ ತುಂಬಿದ ಬಸ್ಸಲ್ಲಿ ಊದು ಹಾಕಿದವರ ಪಕ್ಕ ನಿಂತು ನೋಡಿದ್ರೆ ನಿಮ್ಮ ಭಾವನ ಬೆಲೆ ಗೊತ್ತಾಗ್ತದೆ 😄

ಬರೀ ನೋಡ್ಲಿಕ್ಕೆ ಬಂದವ:
ಇಷ್ಟೆಲ್ಲ ಯಾಕೆ, ಮನೆ ಹಿಂದೆ ಕಂಚಿಕಾಯಿ ಮರ ಇಲ್ವಾ, ಸಿಪ್ಪೆ ಕುತ್ತಿಗೆಗೆ ಉಜ್ಜಿ ಬಸ್ಸಿಗೆ ಹೋಗಿ. ಫ್ರೀ.

ಮುಳ್ಳೇರಿಯದ ಅಕ್ಕ:
ಮೇಲಿನವರು ತಮಾಷೆಗೆ ಹೇಳಿದ್ದಾದ್ರೆ ಸರಿ, ಯಾರೂ ನಿಜಕ್ಕೂ ಮಾಡ್ಬೇಡಿ. ಹೋದ ಏಪ್ರಿಲಲ್ಲಿ ನಾನು ಉಪ್ಪಿನಕಾಯಿಗೆ ಅಂತ ಅಂಗಳದಲ್ಲಿ ಕೂತು ನೂರು ನಿಂಬೆಹಣ್ಣು ಹೆಚ್ಚಿದ್ದೆ, ಕೈಯನ್ನು ಸುಮ್ಮನೆ ಸೀರೆಗೆ ಒರೆಸಿಕೊಂಡು ಅದೇ ಬಿಸಿಲಲ್ಲಿ ಹಪ್ಪಳ ತಿರುಗಿಸಿ ಹಾಕ್ಲಿಕ್ಕೂ ಹೋದೆ. ಆ ದಿನ ಏನೂ ಇಲ್ಲ. ಎರಡನೇ ದಿನ ಅಂಗೈ ಹಿಂದೆ ಕೆಂಪಾಗಿ ಉರಿ, ಸಣ್ಣ ಗುಳ್ಳೆ, ಬಿಸಿ ಎಣ್ಣೆ ರಟ್ಟಿದ ಹಾಗೆ, ನಾನೂ ಒಗ್ಗರಣೆ ರಟ್ಟಿದ್ದೇ ಅಂತ ಎಣಿಸಿದ್ದೆ. ಮತ್ತೆ ಅದು ಕಪ್ಪಾಯ್ತು, ಮಣಿಕಟ್ಟಿಗೆ ರಸ ಹರಿದ ಗೆರೆ ಹೇಗಿತ್ತೋ ಹಾಗೇ ಕಲೆ, ಎರಡು ತಿಂಗಳು ಹೋಗ್ಲಿಲ್ಲ. ಚರ್ಮದ ಡಾಕ್ಟ್ರು ಕಲೆ ನೋಡಿದ ಕೂಡ್ಲೆ "ಲಿಂಬೆ ಹಿಂಡಿದ್ರಾ" ಅಂತ ಕೇಳಿದ್ರು!

ಸಿಪ್ಪೆಯಲ್ಲಿ ಬಿಸಿಲು ತಾಗಿದ್ರೆ ಚರ್ಮ ಸುಡುವ ಪದಾರ್ಥ ಉಂಟಂತೆ, ಬರ್ಗಮಾಟಲ್ಲಿ ಅದರ ಹೆಸರು ಬರ್ಗಾಪ್ಟೆನ್. ಹಿಂದೆ ಕೊಲೋನ್ ಹಾಕಿದವರಿಗೆ ಕುತ್ತಿಗೆಯಲ್ಲಿ ಹೀಗೇ ಕಪ್ಪು ಗೆರೆ ಬೀಳ್ತಿತ್ತಂತೆ. ಈಗ ಒಳ್ಳೆ ಕಂಪೆನಿಗಳು ಹೆಚ್ಚಾಗಿ ಅದನ್ನು ತೆಗೆದ ಎಣ್ಣೆಯನ್ನೇ ಹಾಕುದು, ಆದ್ರೂ ಬಿಸಿಲಿಗೆ ಹೋಗುವಾಗ ಕುತ್ತಿಗೆಗೆ ಬೇಡ ತಮ್ಮಾ, ಅಂಗಿ ಒಳಗೆ ಹೊಡಿ. ಮತ್ತೆ ಬಾಟ್ಲಿ ಕಿಟಕಿ ದಂಡೆಯಲ್ಲಿ ಇಡ್ಬೇಡ, ಬೆಳಕಿಗೆ ಬಿಸಿಗೆ ಸಿಟ್ರಸ್ ಬೇಗ ಹಾಳಾಗ್ತದೆ, ಹಳತಾದದ್ದು ಕೆಲವರಿಗೆ ತುರಿಕೆ ತರಿಸ್ತದೆ. ಕಪಾಟಿನಲ್ಲಿಡು.

ಕುಂಬಳೆ ಮೇಷ್ಟ್ರು (ರಿಟೈರ್ಡ್):
ನೀವೆಲ್ಲ ಕೊಲೋನ್ ಅನ್ನುದು ಕೇಳಿ ನಗು ಬಂತು. ನಮ್ಮ ಮನೆಯಲ್ಲಿ ಅದು "ಓಡಿಕೊಲೋನ್". ಮೈಗೆ ಹಾಕುವ ಸೆಂಟ್ ಅಂತ ನಮಗೆ ಗೊತ್ತೇ ಇರ್ಲಿಲ್ಲ, ಅದು ಜ್ವರದ ಬಾಟ್ಲಿ. ಅಜ್ಜಿ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಪತ್ತಲಿನ ಮಡಿಕೆಯೊಳಗೆ ಇಡ್ತಿದ್ರು. ಜ್ವರ ಏರಿದ್ರೆ ಪಿಂಗಾಣಿ ಬಸಿಯಲ್ಲಿ ನೀರು, ಅದಕ್ಕೆ ಐದಾರು ಹನಿ, ಅಜ್ಜನ ಹಳೆ ಮುಂಡಿನ ತುಂಡು ಅದ್ದಿ ಹಿಂಡಿ ಹಣೆ ಮೇಲೆ. ಸ್ಪಿರಿಟು ಆರುವಾಗ ತಂಪು, ಜ್ವರ ಅದರಿಂದ ಬಿಡ್ತಿತ್ತು ಅಂತ ನಾನು ಹೇಳುದಿಲ್ಲ, ಆದ್ರೆ ಆ ನಿಂಬೆ ವಾಸನೆ ಬಂದ್ರೆ ಇವತ್ತಿಗೂ ನನಗೆ ಶಾಲೆಗೆ ರಜೆ ಅಂತ ಅನಿಸ್ತದೆ, ನಲ್ವತ್ತು ವರ್ಷದ ಹತ್ರ ಶಾಲೆಯಲ್ಲೇ ಇದ್ದವನಿಗೆ!

ಹೆಸರು ಬಂದದ್ದು ಜರ್ಮನಿಯ ಕಲೋನ್ ಪಟ್ಟಣದಿಂದ, ಓ ದ ಕೊಲೋನ್ ಅಂದ್ರೆ ಫ್ರೆಂಚಲ್ಲಿ ಕಲೋನಿನ ನೀರು. ಇದನ್ನು ಮಾಡಿದ, ಇಟಲಿಯಿಂದ ಹೋದ ಫರೀನಾ ಮನೆತನದವರು 1709ರಲ್ಲಿ ಅಲ್ಲಿ ಅಂಗಡಿ ಇಟ್ಟದ್ದು, ಇವತ್ತಿಗೂ ಉಂಟು. 4711 ಅಂತ ಇನ್ನೊಂದು ಕೊಲೋನ್ ಬರ್ತದಲ್ಲ, ಅದು ಅದೇ ಊರಿನ ಒಂದು ಮನೆ ನಂಬ್ರ. ಬರ್ಗಮಾಟ್ ಹಣ್ಣು ಹೆಚ್ಚಾಗಿ ಬೆಳೆಯುದು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯದಲ್ಲಿ, ನೆರೋಲಿ ಅಂದ್ರೆ ಕಹಿ ಕಿತ್ಳೆಯ ಹೂವಿಂದ ತೆಗೆದದ್ದು.

ನಿಮ್ಮ ಪ್ರಶ್ನೆಗೆ ಉತ್ತರ ಅಜ್ಜಿಯ ಬಟ್ಟೆ ತುಂಡಲ್ಲೇ ಉಂಟು. ಹತ್ತಿಯ ಕರ್ಚೀಫಿಗೆ ನಾಲ್ಕು ಸಲ ಹೊಡೆದು ಮಡಚಿ ಕಿಸೆಯಲ್ಲಿಡಿ. ಮೈಯಷ್ಟು ಬಿಸಿ ಇಲ್ಲ, ಬೆವರೂ ಇಲ್ಲ, ಹಾಗಾಗಿ ನಿಧಾನ ಹೋಗ್ತದೆ. ಬೇಕಾದಾಗ ತೆಗೆದು ಮುಖಕ್ಕೆ ಹಿಡಿದ್ರೆ ಆಯ್ತು.

ಉಪ್ಪಳದ ಮೂಗು:
ಮೇಷ್ಟ್ರೆ, ಕರ್ಚೀಫಿಂದು ಪಾಯಿಂಟ್. ಬಿಳಿ ರೇಷ್ಮೆಗೆ ಮಾತ್ರ ಹೊಡಿಬೇಡಿ, ಕಲೆ ಆಗ್ಬಹುದು, ನನ್ನದೊಂದು ಮದುವೆ ಶಲ್ಯ ಹೋಯ್ತು ಹಾಗೆ.

ಬದಿಯಡ್ಕ ಬಸ್ಸು:
ಒಂದು ವಾರ ಆಯ್ತು, ಬಂದು ಹೇಳುವ ಅಂತ. ಲಾವಂಚದ ಅತ್ತರು ಇನ್ನೂ ಸಿಕ್ಕಲಿಲ್ಲ, ಕರ್ಚೀಫು ಮಾಡಿದೆ. ಮೈಗೆ ಬರೀ ಎರಡು ಸಲ, ಅದು ಚೆರ್ಕಳದವರೆಗೆ, ಹೋದ್ರೆ ಹೋಗ್ಲಿ ಅಂತ ಬಿಟ್ಟಿದ್ದೇನೆ. ಸರ್ವೀಸ್ ರೋಡಿನ ಬ್ಲಾಕಲ್ಲಿ ಬಸ್ಸು ನಿಂತು ಎಲ್ರೂ ಬೆವರಿ ನೀರಾಗ್ತಿರುವಾಗ ಕರ್ಚೀಫು ತೆಗೆದು ಮೂಗಿಗೆ ಹಿಡಿದ್ರೆ ಅಷ್ಟು ಹೊತ್ತು ಒಂದು ಬಾಲ್ದಿ ತಣ್ಣೀರು ಮಂಡೆಗೆ ಹೊಯ್ದ ಹಾಗೆ. ಮಧ್ಯಾಹ್ನ ಊಟಕ್ಕೆ ಹೋಗುವಾಗಲೂ ಸ್ವಲ್ಪ ಇತ್ತು, ಸಿಪ್ಪೆಯ ಕಹಿ ಹೋಗಿ ಬರೀ ಹೂವಿಂದು.

ಮೇಷ್ಟ್ರು ಬರ್ದದ್ದನ್ನು ಅಮ್ಮನಿಗೆ ಓದಿ ಹೇಳಿದ್ದು ಮಾತ್ರ ತಪ್ಪಾಯ್ತು. "ಓ, ಇದು ಓಡಿಕೊಲೋನಾ, ಮೊದ್ಲೇ ಹೇಳ್ಬಾರ್ದಾ" ಅಂತ ತಲೆನೋವಿಗೆ ತಕ್ಕೊಂಡು ಹೋದ್ರು. ಬಾಟ್ಲಿ ಈಗ ಅವರ ದಿಂಬಿನ ಹತ್ರ, ಬೆಳಿಗ್ಗೆ ನಾನು ಕೇಳಿ ಹೊಡ್ಕೊಳ್ಬೇಕು.